ನೀರು ಕುಡಿಯುವ ಹೊತ್ತಿನ ಜಾಹೀರಾತು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಬೇರೆ ಊರಿನವರು ನಗುವುದಕ್ಕೆ ಹೇಳುತ್ತಾರೆ. ನಮ್ಮೂರಿನಲ್ಲಿ ಹೇಳಿದರೆ ಯಾರೂ ನಗುವುದಿಲ್ಲ. ಇಲ್ಲಿ ಕುಣಿಯದಿದ್ದರೆ ನೆಲ ನಿಜವಾಗಿಯೂ ಡೊಂಕಾಗುತ್ತದೆ. ರುಬ್ಬಿಟ್ಟ ಇಡ್ಲಿ ಹಿಟ್ಟಿನ ಹಾಗೆ ಉಬ್ಬಿ, ಹೊಸ್ತಿಲನ್ನು ಮುಚ್ಚಿ, ಬಾಗಿಲು ತೆರೆಯದಂತೆ ಮಾಡುತ್ತದೆ. ಆದ್ದರಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಊರಿಗೆ ಊರೇ ಕುಣಿದು ನೆಲವನ್ನು ಅದರ ಜಾಗಕ್ಕೆ ಕಳಿಸಬೇಕು. ಹೆಣ್ಣು ನೋಡಲು ಬಂದವರು ಇಲ್ಲಿ ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ಅಂಗಾಲು ತೋರಿಸು ಎನ್ನುತ್ತಾರೆ. ನನ್ನ ಅಂಗಾಲು ನೋಡಿ ಮೂರು ಕಡೆಯವರು ಒಪ್ಪಿದ್ದರು. ನನ್ನ ಬಾಯಿ ಕೇಳಿ ಮೂರು ಕಡೆಯವರೂ ವಾಪಸು ಹೋದರು.

ಕುಣಿದರಷ್ಟೇ ಸಾಲದು, ಎಲ್ಲರೂ ಒಂದೇ ತಾಳಕ್ಕೆ, ಒಟ್ಟಿಗೆ ಕುಣಿಯಬೇಕು. ಯಾಕೆಂದರೆ ನಮ್ಮ ಮನೆಯಲ್ಲಿ ತುಳಿದದ್ದು ಪಕ್ಕದ ಮನೆಯಲ್ಲಿ ಏಳುತ್ತದೆ. ಹಿಂದಿನಿಂದ ತುಳಿಯುತ್ತಾ ಹೋದರೆ ಉಬ್ಬು ಕಂಬಳಿಯ ಅಡಿ ಹೋಗುವ ಬೆಕ್ಕಿನಂತೆ ಮುಂದೆ ಮುಂದೆ ಸರಿಯುತ್ತದೆ. ಒಮ್ಮೆ ಎರಡು ಮನೆಯವರು ಜಿದ್ದಿಗೆ ಬಿದ್ದು ಉಬ್ಬನ್ನು ಅತ್ತ ಇತ್ತ ತಳ್ಳಾಡಿದಾಗ, ನಡುವೆ ನಿಲ್ಲಿಸಿದ್ದ ಯಾರದೋ ಸ್ಕೂಟರ್ ಅದರ ಮೇಲೆ ಕೂತು ಪಕ್ಕದ ಬೀದಿಗೆ ಹೋಗಿಬಿಟ್ಟಿತ್ತು. ತೀರಾ ದೊಡ್ಡದಾದ ಉಬ್ಬನ್ನು ಬೀದಿಯವರೆಲ್ಲ ಸೇರಿ ಊರಾಚೆಯ ದಿಣ್ಣೆಯವರೆಗೆ ತಳ್ಳಿ ಬಿಟ್ಟು ಬರುತ್ತೇವೆ. ದಾರಿಯಲ್ಲಿ ಇನ್ನೊಬ್ಬರ ಹೊಸ್ತಿಲಿಗೆ ಅದು ತಾಗಿದರೆ ಮುಗಿಯಿತು, ಎರಡು ತಲೆಮಾರು ಮಾತು ಬಿಡುತ್ತಾರೆ.

ನನ್ನ ಚಿಕ್ಕಂದಿನಲ್ಲಿ ಅಂಥೋಣಪ್ಪ ಮಾಸ್ಟ್ರ ಬ್ಯಾಂಡ್ ಸೆಟ್ ಬೀದಿಬೀದಿ ತಿರುಗಿ ಬಾರಿಸುತ್ತಿತ್ತು. ಬ್ಯಾಂಡ್ ಕೊನೆಯ ಬೀದಿ ಮುಟ್ಟುವಷ್ಟರಲ್ಲಿ ಮೊದಲ ಬೀದಿ ಮತ್ತೆ ಉಬ್ಬಿರುತ್ತಿತ್ತು. ಆಮೇಲೆ ಮಾಸ್ಟ್ರು ತಮ್ಮ ಕ್ಲಾರಿಯೊನೆಟ್ ಒಂದನ್ನು ಇಟ್ಟುಕೊಂಡು ಉಳಿದ ವಾದ್ಯಗಳನ್ನೆಲ್ಲ ಮಾರಿ, ಹಳೇ ಗರಡಿ ಮನೆಯ ಮಹಡಿಯಲ್ಲಿ ಹೆಜ್ಜೆ ರೇಡಿಯೋ ತೆರೆದರು. ಬರೀ ಕುಣಿತದ ಹಾಡು. ಬೇರೇನೂ ಇಲ್ಲ. ಇಡೀ ಊರು ಮೊದಲ ಬಾರಿಗೆ ಒಂದೇ ಕ್ಷಣಕ್ಕೆ ಕಾಲೆತ್ತಿ ಒಂದೇ ಕ್ಷಣಕ್ಕೆ ಇಳಿಸಿದ ದಿನ, ನೆಲ ಎಷ್ಟು ಸಪಾಟಾಯಿತೆಂದರೆ ಜನ ಗೋಲಿ ತಂದು ಇಟ್ಟು ನೋಡಿದರು. ಅದು ಎತ್ತಲೂ ಉರುಳಲಿಲ್ಲ.

ನಾನು ಆ ರೇಡಿಯೋಗೆ ಜಾಹೀರಾತು ತರುವವಳು. ಕೇಳಿದವರಿಗೆ ಸುಲಭದ ಕೆಲಸ ಅನ್ನಿಸುತ್ತದೆ. ಊರಿನಲ್ಲಿ ಒಂದು ಮನೆಯೂ ಬಿಡದೆ ದಿನಕ್ಕೆರಡು ಸಲ ಕೇಳುವ ರೇಡಿಯೋ, ಜಾಹೀರಾತಿಗೇನು ಬರ ಎನ್ನುತ್ತಾರೆ. ಬನ್ನಿ, ನನ್ನ ಚಪ್ಪಲಿ ಹಾಕಿಕೊಂಡು ಒಂದು ದಿನ ಅಂಗಡಿ ಬೀದಿ ತಿರುಗಿ. ಅಂಗಡಿಯವರೂ ಇದೇ ಊರಿನವರು, ಅವರೂ ಕುಣಿಯುತ್ತಾರೆ. ಮೂರು ಹಾಡು ಮುಗಿದು ಜಾಹೀರಾತು ಬಂದಾಗ ಎಲ್ಲರೂ ಏನು ಮಾಡುತ್ತಾರೆಂದು ಅವರಿಗೆ ಗೊತ್ತು. ಉಸ್ಸಪ್ಪಾ ಎಂದು ಕೂತು ನೀರು ಕುಡಿಯುತ್ತಾರೆ. ಮುಖ ಒರೆಸಿಕೊಳ್ಳುತ್ತಾರೆ. ಪಕ್ಕದವರ ಸಾರಿಗೆ ಏನು ಹಾಕಿದ್ದಾರೆಂದು ಕೇಳುತ್ತಾರೆ. ಎದೆ ಡವಡವ ಅನ್ನುವಾಗ ಸೋಪಿನ ಗುಣಗಾನ ಯಾರ ಕಿವಿಗೆ ಬೀಳಬೇಕು? ನಮ್ಮ ಜನಕ್ಕೆ ಜಾಹೀರಾತು ಎಂದರೆ ಮಾತಲ್ಲ, ಒಂದು ಅಳತೆ. ಅದು ಶುರುವಾದರೆ ಕೂರಬೇಕು, ಮುಗಿದರೆ ಏಳಬೇಕು, ಅಷ್ಟೇ.

ಕುಣಿಯುವವರಿಂದಲೇ ಚಂದಾ ಎತ್ತಬಹುದಲ್ಲ ಎಂದು ಕೇಳುವ ಜಾಣರೂ ಇದ್ದಾರೆ. ಬ್ಯಾಂಡಿನ ಕಾಲದಲ್ಲಿ ಅದನ್ನೂ ಮಾಡಿ ನೋಡಿದ್ದರು. ಚಂದಾ ಕೊಡದ ಬೀದಿಗೆ ಬ್ಯಾಂಡ್ ಹೋಗಲಿಲ್ಲ. ಆ ಬೀದಿಯ ಉಬ್ಬು ನೆಟ್ಟಗೆ ಕೊಟ್ಟವರ ಬೀದಿಗೇ ಬಂತು.

ಹೀಗಾಗಿ ಸಣ್ಣಪುಟ್ಟ ಜಾಹೀರಾತು ಬಂದು ಹೋಗುತ್ತಿದ್ದವು. ರೇಡಿಯೋ ನಿಂತದ್ದು ಒಬ್ಬರ ಮೇಲೆ, ಜವಳಿ ಅಂಗಡಿಯ ಗುಂಡಯ್ಯ ಶೆಟ್ಟರ ಮೇಲೆ. ಅವರೊಬ್ಬರು ಮಾತ್ರ ಆಳುಗಳಿಗೆ ಕೂಲಿ ಕೊಟ್ಟು ಕುಣಿಸುವವರು, ನೀರು ಕುಡಿಯುವ ಹೊತ್ತಿನ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಶೆಟ್ಟರು ತಮ್ಮ ಜಾಹೀರಾತಿಗೆ ತಾವೇ ದನಿ ಕೊಟ್ಟಿದ್ದರು. ರೆಕಾರ್ಡ್ ಮಾಡಿದ ದಿನ ಹೊಸ ಪಂಚೆ ಉಟ್ಟು, ಗಂಟಲಿಗೆ ಕಲ್ಲುಸಕ್ಕರೆ ಹಾಕಿಕೊಂಡು ಬಂದಿದ್ದರು. “ನಾನು ಗುಂಡಯ್ಯ ಶೆಟ್ಟಿ ಮಾತಾಡ್ತಿದೀನಿ. ನಮ್ಮ ಅಂಗಡಿಗೆ ಕೆಂಪಂಚಿನ ಸೀರೆ ಬಂದಿದೆ. ಕೊಳ್ಳದಿದ್ರೂ ಪರವಾಗಿಲ್ಲ, ಮುಟ್ಟಿ ನೋಡಿ ಹೋಗಿ. ಒಂದು ಸಲ ಬನ್ನಿ ತಾಯಿ.” ಇಷ್ಟೇ. ಆ ಸೀರೆ ಖರ್ಚಾಗಿ ಎಷ್ಟೋ ಕಾಲವಾದರೂ ಅವರು ಅದನ್ನು ಬದಲಿಸಲಿಲ್ಲ. ತಮ್ಮ ದನಿ ಅದರಲ್ಲಿ ಚೆನ್ನಾಗಿ ಬಂದಿದೆ ಎಂದು ಅವರ ನಂಬಿಕೆ.

ಒಂದು ದಿನ ಯಾರೋ ಪುಣ್ಯಾತ್ಮರು ಅವರ ಮುಂದೆ, ಶೆಟ್ರೇ, ನೀವು ರೇಡಿಯೋಗೆ ಯಾಕೆ ಜಾಹೀರಾತು ಕೊಡಬಾರದು, ಎಂದು ಕೇಳಿಬಿಟ್ಟರಂತೆ. ಶೆಟ್ಟರು ತಮಾಷೆ ಅಂದುಕೊಂಡರು. ಅಲ್ಲ ಎಂದು ತಿಳಿದ ಮೇಲೆ, ತಮ್ಮ ಜಾಹೀರಾತಿನಲ್ಲಿ ಏನಿದೆಯೆಂದು ಹೇಳಿದವರಿಗೆ ರವಿಕೆ ಕಣ ಬಿಟ್ಟಿ ಎಂದು ಅಂಗಡಿಯಲ್ಲಿ ಸಾರಿದರು. ಸಂಜೆವರೆಗೂ ಒಬ್ಬರೂ ಹೇಳಲಿಲ್ಲ. ಒಬ್ಬಾಕೆ ಕಾಫಿಪುಡಿ ಅಂದಳು. ಇನ್ನೊಬ್ಬಾಕೆ ಹಲ್ಲುಪುಡಿ ಅಂದಳು.

ಮಾರನೆಯ ದಿನ ನಾನು ಹೋದಾಗ ಶೆಟ್ಟರು ಗಲ್ಲಾದ ಹಿಂದೆ ಮುಖ ಇಳಿಬಿಟ್ಟು ಕೂತಿದ್ದರು.

“ಇನ್ನು ಬೇಡಮ್ಮ ಪಂಕಜಾ. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.”

“ಜನಕ್ಕೆ ನೆನಪಿರಲ್ಲ ಶೆಟ್ರೇ. ಆದ್ರೆ ಮನಸ್ಸಿನ ಒಳಗೆ ಹೋಗಿ ಕೂತಿರುತ್ತೆ.”

“ನನ್ನ ಹೆಂಡ್ತಿನ ಕೇಳ್ದೆ ಕಣಮ್ಮ. ಏನಂದ್ಲು ಗೊತ್ತಾ? ನಿಮ್ಮ ದನಿ ಬಂದ ತಕ್ಷಣ ನಾನು ಹಾಲು ಇಡ್ತೀನಿ, ನಿಲ್ಲೋ ಹೊತ್ಗೆ ಸರಿಯಾಗಿ ಉಕ್ಕುತ್ತೆ, ಅಂದ್ಲು. ಇಷ್ಟು ವರ್ಷ ಊರಿನ ಪ್ರತಿ ಮನೇಲೂ ಮಾತಾಡಿದೀನಿ. ಹೋಗ್ಲಿ ಅಂತ ಒಬ್ರೂ ಕೇಳಿಲ್ಲ.”

ನಾನು ಎಂಥ ಮಾತಿಗೂ ಎದುರು ಮಾತು ಇಟ್ಟುಕೊಂಡೇ ಹುಟ್ಟಿದವಳು. ಅವತ್ತು ಮಾತ್ರ ರಸೀದಿ ಪುಸ್ತಕ ಚೀಲಕ್ಕೆ ಹಾಕಿಕೊಂಡು ಎದ್ದು ಬಂದೆ. ಆ ಮನುಷ್ಯನದು ದುಡ್ಡು ಹೋದ ಸಂಕಟವಲ್ಲ, ಯಾರೂ ಕೇಳಲಿಲ್ಲವೆಂಬ ಸಂಕಟ.

ಶೆಟ್ಟರು ಬಿಟ್ಟರೆಂದು ಗೊತ್ತಾದದ್ದೇ ಉಳಿದವರೂ ಬಿಟ್ಟರು. ಅಂಥೋಣಪ್ಪ ಮಾಸ್ಟ್ರಿಗೆ ರೋಷ ಬಂತು. “ಬೇಡ ಬಿಡಿ ಪಂಕಜಮ್ಮ. ಇನ್ಮೇಲೆ ಜಾಹೀರಾತೇ ಇಲ್ಲ. ಒಂದೇ ಸಮ ಹಾಡು. ಜನ ಎಷ್ಟು ಖುಷಿ ಪಡ್ತಾರೆ ನೋಡ್ತಿರಿ” ಎಂದರು. ಬೇರೆ ಊರಿನಲ್ಲಿ ಖುಷಿ ಪಡುತ್ತಿದ್ದರೋ ಏನೋ. ನಮ್ಮಲ್ಲಿ ಮೂರನೆಯ ಹಾಡು ಮುಗಿದು ನಾಲ್ಕನೆಯದು ಬಂತು, ನಾಲ್ಕು ಮುಗಿದು ಐದು ಬಂತು. ಜನ ನೀರಿನ ಲೋಟ ನೋಡುತ್ತಾ ಕುಣಿದರು. ಕೊನೆಗೆ ಒಬ್ಬರು ಇಲ್ಲಿ ಕೂತರು, ಇನ್ನೊಬ್ಬರು ಅಲ್ಲಿ ಕೂತರು. ಕೂತವರ ಮನೆಯಲ್ಲಿ ನೆಲ ಎದ್ದಿತು. ನೀನು ಕೂತಿದ್ದಕ್ಕೇ ನಮ್ಮ ಅಡುಗೆಮನೆ ಎದ್ದಿದ್ದು ಎಂದು ಬೀದಿಯಲ್ಲಿ ಜಗಳ ಹತ್ತಿತು. ಮಾಸ್ಟ್ರು ನಡುನಡುವೆ ರೇಡಿಯೋವನ್ನು ಸುಮ್ಮನೆ ಬಿಟ್ಟು ನೋಡಿದರು. ಕರೆಂಟ್ ಹೋಯಿತೆಂದು ಜನ ಗಾಬರಿಯಾಗಿ ಇನ್ನೂ ಜೋರಾಗಿ ತುಳಿದರು.

“ಶೆಟ್ರ ಹಳೇ ಟೇಪನ್ನೇ ಹಾಕಿ ಮಾಸ್ಟ್ರೇ, ದುಡ್ಡು ಇಲ್ದಿದ್ರೂ ಪರವಾಗಿಲ್ಲ” ಎಂದೆ.

“ಬೇಡ ಅಂದೋರ ದನಿ ಹಾಕೋದು ಕಳ್ಳತನ ಪಂಕಜಮ್ಮ” ಎಂದರು. ಅವರ ಮರ್ಯಾದೆ ಯಾವಾಗಲೂ ಹಾಗೇ, ಮೂಗಿಗಿಂತ ಮೂಗುತಿ ಭಾರ.

ಅಷ್ಟರಲ್ಲಿ ರೇಡಿಯೋ ಕೊಳ್ಳುತ್ತೇನೆಂದು ಹೊರಗಿನ ಊರಿನಿಂದ ಒಬ್ಬ ಬಂದ. ಸಫಾರಿ ತೊಟ್ಟಿದ್ದ. ಕೂತ ಕುರ್ಚಿ ಗೋಡೆಯ ಕಡೆಗೆ ಜಾರುತ್ತಿದ್ದರೂ ಅದನ್ನು ನೋಡದವನಂತೆ ಮಾತಾಡಿದ. ಚಿನ್ನದ ದರ, ಜಾತಕ, ಮನೆಮದ್ದು ಹಾಕುತ್ತಾನಂತೆ. “ಕುಣಿತದ ರೇಡಿಯೋಗೆ ಕೇಳುಗರು ಇರ್ತಾರೆ, ಗಿರಾಕಿ ಇರಲ್ಲ ಸಾರ್. ಕುಣಿಯೋನ ಕಿವಿ ಖಾಲಿ ಇರಲ್ಲ. ಜಾಹೀರಾತಿಗೆ ಕೂತು ಕೇಳೋರು ಬೇಕು.” ಸೋಮವಾರ ಕಾಗದಪತ್ರ ತರುತ್ತೇನೆಂದು ಹೋದ. ಮಾಸ್ಟ್ರು ಬೇಡವೆನ್ನಲಿಲ್ಲ. ಗರಡಿ ಮನೆಯ ಬಾಡಿಗೆ ನಿಂತಿತ್ತು. ಅವರು ಗೋಡೆಯ ಮೊಳೆಗೆ ತೂಗುಹಾಕಿದ್ದ ಕ್ಲಾರಿಯೊನೆಟ್ ತೆಗೆದು ಬಾಯಿಗಿಟ್ಟರು. ಅರ್ಧ ಸ್ವರಕ್ಕೇ ಕೆಮ್ಮು ಬಂತು. ರೇಡಿಯೋ ಮಾರಿದ ಮೇಲೆ ಈ ಎದೆ ಇಟ್ಟುಕೊಂಡು ಮತ್ತೆ ಬೀದಿ ಸುತ್ತುತ್ತಾರಂತೆ. ರೇಡಿಯೋ ಹೋದರೆ ಮಾಸ್ಟ್ರು ಹೋಗುತ್ತಾರೆ, ಮಾಸ್ಟ್ರು ಹೋದರೆ ಊರಿನ ನೆಲ ಹೋಗುತ್ತದೆ. ನನಗೆ ಅಳು ಬಂತು, ಅದನ್ನು ಮುಚ್ಚಲು ಅವರನ್ನು ಬೈದೆ.

ಮರುದಿನ ಬೆಳಿಗ್ಗೆ ದೇವೀರಕ್ಕನ ಮನೆಗೆ ಕಾಲು ಕೊಡುವ ಸರದಿ ನನ್ನದು. ನಮ್ಮಲ್ಲಿ ಮೈ ಸರಿಯಿಲ್ಲದವರು, ಬಸುರಿಯರು, ಸಾವಿನ ಮನೆಯವರು ಕುಣಿಯುವಂತಿಲ್ಲ. ಅಂಥವರ ಮನೆಗೆ ಬೀದಿಯವರು ಸರದಿಯ ಮೇಲೆ ಹೋಗಿ ಕುಣಿದು ಬರುತ್ತೇವೆ. ಅದಕ್ಕೆ ಕಾಲು ಕೊಡುವುದು ಎನ್ನುತ್ತೇವೆ. ದೇವೀರಕ್ಕ ನಮ್ಮ ಪಕ್ಕದ ಮನೆಯವಳು. ಒಂದು ಕಾಲದಲ್ಲಿ ಹೂವಿನ ಬುಟ್ಟಿ ಹೊತ್ತು ಊರೆಲ್ಲ ತಿರುಗಿದವಳು. ಅವಳು ಈ ತುದಿಯಲ್ಲಿ ಮಲ್ಲಿಗೇ ಎಂದರೆ ಆ ತುದಿಯಲ್ಲಿ ಬಾಗಿಲು ತೆರೆಯುತ್ತಿತ್ತು. ಈಗ ಎರಡು ಮಂಡಿಯೂ ಹೋಗಿವೆ. ಮಂಚದ ಮೇಲೆ ಕೂತು ಹೂ ಕಟ್ಟಿ ಬಾಗಿಲಲ್ಲೇ ಮಾರುತ್ತಾಳೆ.

ಅವಳ ಮನೆಯ ಸ್ಥಿತಿ ನೋಡಿ ನನಗೆ ದಿಗಿಲಾಯಿತು. ಸುತ್ತಲ ಮನೆಗಳ ಉಬ್ಬೆಲ್ಲ ಅಲ್ಲಿಗೇ ಬಂದು ಸೇರಿ, ಮಂಚ ಮೇಲೆದ್ದು, ಅವಳ ತಲೆ ಹೆಂಚಿಗೆ ತಾಗುವಂತಿತ್ತು. ಅವಳು ಕತ್ತು ಓರೆ ಮಾಡಿಕೊಂಡು ಕನಕಾಂಬರ ಕಟ್ಟುತ್ತಿದ್ದಳು.

“ಪಂಕಜ, ಶೆಟ್ರಿಗೆ ಏನಾಯ್ತೇ? ಹುಷಾರಿಲ್ವಾ?”

“ಯಾವ ಶೆಟ್ರು?”

“ಗುಂಡಯ್ಯ ಶೆಟ್ರು ಕಣೇ. ದನೀನೇ ಇಲ್ಲ. ದಿನಾ ಬಾ ಬಾ ಅಂತ ಕರೀತಿದ್ರು ಪಾಪ. ನಾನೂ ಬರ್ತೀನಿ ಇರಿ ಶೆಟ್ರೇ, ಮಂಡಿ ಒಂಚೂರು ಸರಿಯಾಗ್ಲಿ, ಅಂತಿದ್ದೆ. ನಾನು ಬರ್ಲೇ ಇಲ್ಲ ಅಂತ ಕೋಪ ಮಾಡ್ಕೊಂಡ್ರೇನೋ.”

ನೀರು ಕುಡಿಯುವ ಹೊತ್ತಿಗೆ ನಾವೆಲ್ಲ ಗಾಳಿಗೆಂದು ಜಗಲಿಗೆ ಹೋಗುತ್ತಿದ್ದೆವು. ಒಳಗೆ ಇವಳು ಏನೋ ಗೊಣಗುವುದು ಕೇಳುತ್ತಿತ್ತು. ದೇವರ ನಾಮ ಅಂದುಕೊಂಡಿದ್ದೆ. ಕುಣಿತದ ರೇಡಿಯೋವನ್ನು ಕೂತು ಕೇಳುವವರು ಊರಿನಲ್ಲಿ ಇದ್ದರು. ಕುಣಿಯಲಾರದವರೆಲ್ಲ ಕೂತೇ ಕೇಳುತ್ತಿದ್ದರು. ಅಂಗೈ ಹುಣ್ಣು ನೋಡಲು ನನಗೆ ಕನ್ನಡಿ ಬೇಕಾಗಿತ್ತು ನೋಡಿ.

ಅವಳಿಗೆ ನಡೆದದ್ದನ್ನೆಲ್ಲ ಹೇಳಿ, ನೆಟ್ಟಗೆ ಜವಳಿ ಅಂಗಡಿಗೆ ಓಡಿದೆ. ಶೆಟ್ಟರು ನನ್ನ ಮಾತು ನಂಬಲಿಲ್ಲ.

“ಚೆನ್ನಾಗಿ ಕಥೆ ಕಟ್ತೀಯಮ್ಮ.”

“ದೇವರಾಣೆ ಶೆಟ್ರೇ. ನಿಮ್ಮ ಒಂದೊಂದು ಮಾತೂ ಅವಳಿಗೆ ಬಾಯಿಪಾಠ. ನಿಮಗೆ ಉತ್ತರ ಬೇರೆ ಕೊಡ್ತಾಳೆ.”

“ಕೊಡೋದಾದ್ರೆ ಬರ್ಲಿ. ಬರ್ತೀನಿ ಅಂದೋಳು ಬರ್ಲಿ ಕಣಮ್ಮ. ಒಬ್ಳೇ ಒಬ್ಳು, ನನ್ನ ಮಾತು ಕೇಳಿ ನನ್ನ ಅಂಗಡಿ ಬಾಗಿಲಿಗೆ ಬಂದ್ರೆ, ಅವತ್ತೇ ನಿಮ್ಮ ಮಾಸ್ಟ್ರಿಗೆ ಜಾಹೀರಾತು ಕೊಡ್ತೀನಿ. ಇನ್ನು ಹೋಗು.”

ಇದೊಳ್ಳೆ ಕಥೆಯಾಯಿತು. ನಮ್ಮ ಬೀದಿಗಳಿಗೆ ಆಟೋ ಬರುವುದಿಲ್ಲ, ಊರ ಬಾಗಿಲಲ್ಲೇ ನಿಲ್ಲುತ್ತವೆ. ವಾಪಸು ಬಂದು, ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತುಕೊಂಡು ಹೋಗುತ್ತೇವೆ ಎಂದು ದೇವೀರಕ್ಕನನ್ನು ಕೇಳಿದೆ. ಅವಳು ಹೂವಿನ ದಾರ ಕಚ್ಚಿ ತುಂಡು ಮಾಡಿದಳು.

“ನನ್ನನ್ನ ನಾಲ್ಕು ಜನ ಹೊರೋದು ಒಂದೇ ಸಲ. ಅದಕ್ಕಿನ್ನೂ ಟೈಮಿದೆ.”

“ಹಂಗಾದ್ರೆ ರೇಡಿಯೋ ಮಾರಿದ ಹಾಗೇ.”

“ಹೋಗಲ್ಲ ಅಂದ್ನಾ? ಅಷ್ಟು ಸಲ ಕರೆದೋರ ಮನೆಗೆ ಹೋಗ್ದೇ ಇರೋದು ಮರ್ಯಾದೆನಾ?” ಅವಳು ಮಂಚದ ಕೆಳಗೆ ಉಬ್ಬಿ ನಿಂತ ನೆಲವನ್ನು ನೋಡಿದಳು. “ಈ ಗುಡ್ಡೆನ ಹೆಂಗೂ ದಿಣ್ಣೆಗೆ ತಳ್ಳಬೇಕಲ್ವೇನೇ? ನನ್ನ ಅದ್ರ ಮೇಲೆ ಕೂರಿಸಿ ತಳ್ರಿ. ಜವಳಿ ಅಂಗಡಿ ಮುಂದೇ ಹಾದು ಹೋಗ್ಲಿ.”

ನಾನು ಬೀದಿಗೆ ಬಂದು ಮನೆಮನೆಗೆ ಹೇಳಿದೆ. ನಗಾಡಿದವರೂ ಇದ್ದರು. ಆದರೆ ಗಾಡಿ ತುಂಬ ಹುಲ್ಲು ಎಳೆದ ಎತ್ತಿನಂತೆ ಎಲ್ಲರೂ ಬಳಲಿದ್ದರು, ಆ ಉಬ್ಬು ಹೋದರೆ ಸಾಕಾಗಿತ್ತು. ಮಾಸ್ಟ್ರಿಗೆ ಹೇಳಿ ಕಳಿಸಿದೆ: ಭಾನುವಾರ ಸಂಜೆ ನಿಧಾನದ ಹಾಡು ಹಾಕಿ, ಬೇರೆ ಬೀದಿಯವರೂ ಅವರವರ ಮನೆಯಲ್ಲಿ ಬಿಡದೆ ತುಳಿಯಬೇಕು, ಇಲ್ಲದಿದ್ದರೆ ಉಬ್ಬು ಅಡ್ಡ ನುಗ್ಗುತ್ತದೆ. ಮಾಸ್ಟ್ರು ಅದನ್ನು ರೇಡಿಯೋದಲ್ಲೇ ಹೇಳಿದರು. ಯಾಕೆ ಏನು ಎಂದು ಹೇಳದೆ, “ದೇವೀರಮ್ಮನೋರು ಶೆಟ್ರ ಅಂಗಡಿಗೆ ಹೋಗ್ತಾರೆ” ಎಂದಷ್ಟೇ.

ಭಾನುವಾರ ಇಬ್ಬರು ಹೆಂಗಸರು ದೇವೀರಕ್ಕನ ಕಂಕುಳಿಗೆ ಕೈಕೊಟ್ಟು ಬೀದಿಗೆ ಕರೆತಂದು ಬೆತ್ತದ ಕುರ್ಚಿಯಲ್ಲಿ ಕೂರಿಸಿದರು. ಅವಳು ತಲೆಗೆ ಎಣ್ಣೆ ಹಚ್ಚಿ, ಕಟ್ಟಿದ ಹೂವಿನಲ್ಲಿ ಒಂದು ಮೊಳ ತಾನೇ ಮುಡಿದಿದ್ದಳು. ಕಿಟಕಿಗಳಲ್ಲಿ ರೇಡಿಯೋ ಹಾಡಿತು. ಒಳಗಿದ್ದವರು ಹಿತ್ತಲ ಕಡೆಯಿಂದ ತುಳಿಯುತ್ತಾ ಬಂದರು. ಉಬ್ಬು ನಡುಮನೆ ದಾಟಿತು, ಹೊಸ್ತಿಲನ್ನು ಒಮ್ಮೆ ಎತ್ತಿ ಇಳಿಸಿತು, ಜಗಲಿಯ ಅಡಿಯಿಂದ ಬೀದಿಗೆ ಬಂದು ಕುರ್ಚಿಯ ಕೆಳಗೆ ಸೇರಿತು. ದೇವೀರಕ್ಕ ಮೆಲ್ಲಗೆ ಮೇಲೆ ಹೋದಳು. ನಮ್ಮ ತಲೆಗಿಂತ ಎತ್ತರಕ್ಕೆ ಹೋಗಿ, ಕುರ್ಚಿಯ ಕೈ ಬಿಗಿಯಾಗಿ ಹಿಡಿದು, “ಅಯ್ಯೋ, ಬಚ್ಚಲು ಸೂರಿನ ಹೆಂಚು ಒಡೆದಿದೆ ಕಣ್ರೇ ನಿಮ್ಮನೇದು” ಎಂದು ಯಾರಿಗೋ ಹೇಳಿದಳು.

ಬೀದಿಯ ಅಗಲಕ್ಕೂ ಸಾಲಾಗಿ ನಿಂತು ನಾವು ತುಳಿದೆವು. ಒಂದು ಹೆಜ್ಜೆ ಬಲಕ್ಕೆ ಜೋರಾದರೆ ಕುರ್ಚಿ ಎಡಕ್ಕೆ ವಾಲುತ್ತಿತ್ತು. ಮೇಲಿನಿಂದ ದೇವೀರಕ್ಕ ಎಡ, ಬಲ, ನಿಧಾನ ಎಂದು ಕೂಗುತ್ತಿದ್ದಳು. ಮನೆಗಳ ಒಳಗೂ ಜನ ಅದೇ ತಾಳಕ್ಕೆ ತುಳಿಯುವ ಸದ್ದು ಕೇಳುತ್ತಿತ್ತು. ಇಷ್ಟು ದಿನ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದ ಊರು ಒಬ್ಬಳಿಗಾಗಿ ಹೆಜ್ಜೆ ಹಾಕುತ್ತಿತ್ತು. ಕುಣಿಯುವಾಗ ಅತ್ತರೆ ಉಸಿರು ಸಾಲುವುದಿಲ್ಲ, ಅದಕ್ಕೇ ಅಳು ನುಂಗಿಕೊಂಡೆ.

ಮೂರು ಹಾಡು ಮುಗಿದು, ಜವಳಿ ಅಂಗಡಿಯ ತಿರುವು ಸಿಗುವ ಹೊತ್ತಿಗೆ ಜನಕ್ಕೆ ಸಾಕಾಯಿತು. ನನ್ನ ಪಕ್ಕದವಳ ಕಾಲು ನಡುಗುತ್ತಿತ್ತು. ಯಾರಾದರೂ ಒಬ್ಬರು ಮೊದಲು ಕೂತರೆ ಅತ್ತ ಕಡೆ ನೆಲ ಏಳುತ್ತದೆ, ಕುರ್ಚಿ ಉರುಳುತ್ತದೆ. ಎಲ್ಲರಿಗೂ ಅದು ಗೊತ್ತಿತ್ತು, ಯಾರ ಕಾಲಲ್ಲೂ ಶಕ್ತಿ ಇರಲಿಲ್ಲ. ಗರಡಿ ಮನೆಯ ಮಹಡಿಯ ಕಿಟಕಿಯಿಂದ ಆ ತಿರುವು ಕಾಣುತ್ತದೆ. ಮಾಸ್ಟ್ರು ನೋಡುತ್ತಿದ್ದರು ಅಂತ ಕಾಣುತ್ತದೆ. ಹಾಡು ನಿಂತಿತು. ಊರಿನ ಅಷ್ಟೂ ಕಿಟಕಿಗಳಲ್ಲಿ ಒಟ್ಟಿಗೆ ಆ ದನಿ ಬಂತು.

“ನಾನು ಗುಂಡಯ್ಯ ಶೆಟ್ಟಿ ಮಾತಾಡ್ತಿದೀನಿ.”

ಎಲ್ಲರೂ ಒಂದೇ ಸಲಕ್ಕೆ ಕೂತೆವು. ಬೀದಿಯಲ್ಲಿ, ಜಗಲಿಗಳಲ್ಲಿ, ಒಳಮನೆಗಳಲ್ಲಿ ಊರು ಪೂರ್ತಿ ಕೂತಿತು. ಕುರ್ಚಿ ಅಲುಗಲಿಲ್ಲ. ಯಾರೋ ಕೊಟ್ಟ ಚೊಂಬಿನ ನೀರನ್ನು ನಾನು ಗಟಗಟ ಕುಡಿದೆ. ಪಕ್ಕದವರ ಸಾರಿನ ವಿಚಾರ ಅವತ್ತು ಯಾರೂ ಕೇಳಲಿಲ್ಲ. ಕೊಳ್ಳದಿದ್ದರೂ ಪರವಾಗಿಲ್ಲ, ಮುಟ್ಟಿ ನೋಡಿ ಹೋಗಿ, ಎಂದಿತು ದನಿ. ಒಂದು ಸಲ ಬನ್ನಿ ತಾಯಿ.

“ಬಂದೆ ಇರಿ ಶೆಟ್ರೇ!” ಎಂದಳು ದೇವೀರಕ್ಕ ಮೇಲಿನಿಂದ. ಹೂವು ಮಾರುವ ಕಾಲದ ಗಂಟಲು ಅದು. “ತಿರುವಿಗೆ ಬಂದಿದೀನಿ!”

ಮತ್ತೆ ಹಾಡು ಬಂತು. ನಾವು ಎದ್ದು ತುಳಿದು ತಿರುವು ದಾಟಿದಾಗ ಶೆಟ್ಟರು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದರು. ಕೈಯಲ್ಲಿ ಬಟ್ಟೆ ಅಳೆಯುವ ಗಜಕೋಲು ಹಾಗೇ ಇತ್ತು. ಅವರ ಹಿಂದೆ ಅವರು ಕೂಲಿ ಕೊಟ್ಟು ಕುಣಿಸುವ ಆಳುಗಳು ಕಾಲೆತ್ತಿ ಸಿದ್ಧವಾಗಿದ್ದರು. ಯಾರದೋ ಉಬ್ಬು ಯಜಮಾನರ ಹೊಸ್ತಿಲಿಗೆ ಬಂದರೆ ಹಿಂದಕ್ಕೆ ತಳ್ಳುವುದೇ ಅವರ ಕೆಲಸ. ನಾವು ಮೆಟ್ಟಿಲಿಗೆ ಮಾರು ದೂರ ಇರುವಾಗಲೇ ನಿಂತು, ನಿಂತಲ್ಲೇ ಮೆಲ್ಲಗೆ ಹೆಜ್ಜೆ ಹಾಕುತ್ತಾ ಉಬ್ಬನ್ನು ಹಿಡಿದುಕೊಂಡೆವು. ಅಷ್ಟು ಮರ್ಯಾದೆ ನಮಗೂ ಇದೆ.

“ಬಾ ಅಂತಿದ್ರಲ್ಲ ಶೆಟ್ರೇ, ಬಂದೆ” ಎಂದಳು ದೇವೀರಕ್ಕ. “ತಡ ಆಯ್ತು. ಬೇಜಾರು ಮಾಡ್ಕೋಬೇಡಿ.”

ಶೆಟ್ಟರು ತುಟಿ ಆಡಿಸಿದರು. ಇಷ್ಟು ವರ್ಷ ಊರಿಗೆಲ್ಲ ಕೇಳುವಂತೆ ಮಾತಾಡಿದ ಮನುಷ್ಯ ಮೂರು ಮೆಟ್ಟಿಲ ಆಚೆ ಕೇಳುವಂತೆ ಮಾತಾಡಲಾರದೆ ಹೋದರು. ಕಣ್ಣು ಒರೆಸಿಕೊಂಡು ಹಿಂದೆ ತಿರುಗಿ ಆಳುಗಳಿಗೆ, “ಯಾರೂ ತುಳೀಬೇಡಿ” ಎಂದರು. ಆಮೇಲೆ ನಮ್ಮ ಕಡೆ ನೋಡಿ, “ಒಳಗೆ ಬರ್ಲಿ. ಕರೆದೋನು ನಾನೇ ಅಲ್ವಾ? ಒಳಗೆ ಬರ್ಲಿ” ಎಂದರು.

ನಮ್ಮೂರಿನಲ್ಲಿ ಇನ್ನೊಬ್ಬರ ಉಬ್ಬನ್ನು ಬಾಯಾರೆ ಒಳಗೆ ಕರೆದವರನ್ನು ನಾನು ಅವತ್ತೇ ನೋಡಿದ್ದು. ಗಜಕೋಲನ್ನು ಬದಿಗಿಟ್ಟು, ಚಪ್ಪಲಿ ಬಿಟ್ಟು, ಎಂದೂ ಸ್ವಂತ ಕಾಲಲ್ಲಿ ಕುಣಿಯದಿದ್ದ ಶೆಟ್ಟರು ಇಳಿದು ಬಂದು ನಮ್ಮ ಸಾಲಿನಲ್ಲಿ ನಿಂತರು. ಒಂದು ಹೆಜ್ಜೆಯೂ ತಾಳಕ್ಕೆ ಸರಿಯಾಗಿ ಬೀಳಲಿಲ್ಲ. ಆದರೂ ತುಳಿದರು. ಮೆಟ್ಟಿಲು ಏರಿ, ಹೊಸ್ತಿಲು ದಾಟಿ, ಬಾಗಿಲು ಎತ್ತರವಾಗಿದ್ದರಿಂದ ತುಸು ತಲೆ ಬಗ್ಗಿಸಿದ್ದೇ ಸಾಕಾಗಿ, ದೇವೀರಕ್ಕ ಅಂಗಡಿಯೊಳಗೆ ಹೋದಳು. ಒಳಗೆ ಬೀರುಗಳು ವಾಲಿ ಸೀರೆಗಳು ಒಂದೊಂದಾಗಿ ಜಾರಿ ಬಿದ್ದವು.

ಕೆಂಪಂಚಿನದು ಇರಲಿಲ್ಲ. ಶೆಟ್ಟರು ನಾಚಿಕೊಂಡು ಹಸಿರು ಅಂಚಿನದು, ನೀಲಿ ಅಂಚಿನದು, ಕೈಗೆ ಸಿಕ್ಕಿದ್ದೆಲ್ಲ ಬಿಚ್ಚಿ ತೋರಿಸಿದರು. ದೇವೀರಕ್ಕ ಕೈ ಒರೆಸಿಕೊಂಡು ಒಂದೊಂದನ್ನೂ ಮುಟ್ಟಿದಳು, ಸೆರಗು ತಿರುವಿ ನೇಯ್ಗೆ ನೋಡಿದಳು. “ಚೆನ್ನಾಗಿದೆ ಶೆಟ್ರೇ. ನೀವು ಹೇಳಿದ ಹಾಗೇ ಇದೆ” ಎಂದಳು. ಒಂದನ್ನೂ ಕೊಳ್ಳಲಿಲ್ಲ. ಶೆಟ್ಟರ ಮುಖ ನೋಡಬೇಕಿತ್ತು. ದೀಪಾವಳಿಯಲ್ಲಿ ಅಂಗಡಿ ಖಾಲಿಯಾದಾಗಲೂ ಅವರು ಅಷ್ಟು ಖುಷಿ ಪಟ್ಟದ್ದನ್ನು ನಾನು ಕಂಡಿಲ್ಲ. ಸುಸ್ತಾಗಿ ಕೂತಿದ್ದ ನಮ್ಮ ಹೆಂಗಸರು, ಹೇಗೂ ಬಂದಿದ್ದೇವಲ್ಲ ಎಂದು ಬಿದ್ದ ಸೀರೆಗಳನ್ನು ಎತ್ತಿ ನೋಡಲು ಶುರು ಮಾಡಿದರು. ನಾನು ನೋಡಲಿಲ್ಲ ಅಂದರೆ ಸುಳ್ಳಾದೀತು.

ಸೋಮವಾರ ಸಫಾರಿಯವನು ಬಂದಾಗ ಮಾಸ್ಟ್ರು ಅವನಿಗೆ ಕಾಫಿ ಕೊಟ್ಟು ಕಳಿಸಿದರು. ಉಬ್ಬನ್ನು ಶೆಟ್ಟರೇ ಆಳುಗಳ ಜೊತೆ ಸೇರಿ ದಿಣ್ಣೆಗೆ ಬಿಟ್ಟು ಬಂದರು. ಉಳಿದ ಅಂಗಡಿಯವರೂ ಕೂತು ಕೇಳುವವರು ಯಾವ ಯಾವ ಮನೆಯಲ್ಲಿದ್ದಾರೆಂದು ನನ್ನನ್ನು ವಿಚಾರಿಸತೊಡಗಿದ್ದಾರೆ. ಅವರಿಗೆ ಬೇಕಾದದ್ದನ್ನು ಕಾಲು ಕೊಡಲು ಹೋಗುವವರ ಕೈಯಲ್ಲೇ ಕಳಿಸುತ್ತಾರಂತೆ. ನನ್ನ ಚಪ್ಪಲಿಗೆ ಈಗಲೂ ಸುಖವಿಲ್ಲ.

ಶೆಟ್ಟರು ಮತ್ತೆ ಹೊಸ ಪಂಚೆ ಉಟ್ಟು, ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು ಬಂದು ಹೊಸದಾಗಿ ದನಿ ಕೊಟ್ಟರು. ಸೀರೆಯ ಬಣ್ಣ ಬದಲಾಗಿದೆ, ಉಳಿದದ್ದೆಲ್ಲ ಹಾಗೇ ಇದೆ. ಒಂದು ಸಲ ಬನ್ನಿ ತಾಯಿ ಎಂದ ಮೇಲೆ ಮಾತ್ರ ತುಸು ಹೊತ್ತು ಏನೂ ಹೇಳದೆ ಇರುತ್ತಾರೆ. ಆಮೇಲೆ “ಹ್ಞೂಂ, ಆಗ್ಲಿ” ಎಂದು ಮುಗಿಸುತ್ತಾರೆ. ಮಾಸ್ಟ್ರು ಸುಮ್ಮನಿರುವ ಆ ಹೊತ್ತಿಗೂ ಬಿಲ್ ಹಾಕುತ್ತಾರೆ, ಶೆಟ್ಟರು ಚೌಕಾಸಿ ಮಾಡದೆ ಕೊಡುತ್ತಾರೆ. ಜಗಲಿಯಲ್ಲಿ ಕೂತು ನೀರು ಕುಡಿಯುವ ನಾವು ಆಗ ಲೋಟ ಕೆಳಗಿಟ್ಟು ಒಳಗಿನ ಕಡೆ ಕಿವಿ ಕೊಡುತ್ತೇವೆ.

“ಮೊನ್ನೆ ತಾನೇ ಬಂದಿದ್ನಲ್ಲ ಶೆಟ್ರೇ” ಎನ್ನುತ್ತಾಳೆ ದೇವೀರಕ್ಕ, “ಇನ್ನೊಂದು ಸಲ ಬರ್ತೀನಿ ಇರಿ.”